ಹದಿನೆಂಟು ಗೆರೆಗಳು

ಮಾನ್ಯ ವಾಚಕ ಮಹಾಶಯರಲ್ಲಿ ಒಂದು ವಿನಂತಿ. ಎತ್ತರದ ಕುರಿತು ತಮಗೆ ಈಗಾಗಲೇ ಅಭಿಪ್ರಾಯವೊಂದು ಇದ್ದಲ್ಲಿ, ಅದನ್ನು ಈ ಕಥೆ ಮುಗಿಯುವ ತನಕ ದಯಮಾಡಿ ಪಕ್ಕಕ್ಕೆ ಇರಿಸಿಕೊಳ್ಳತಕ್ಕದ್ದು. ಇಲ್ಲಿ ಕೊಲೆ ನಡೆಯುವುದಿಲ್ಲ. ಕೊನೆಯ ಪುಟದಲ್ಲಿ ಮಾರುವೇಷದ ಪತ್ತೇದಾರನು ಬಂದು ಬಾಗಿಲು ತಟ್ಟುವುದೂ ಇಲ್ಲ. ಒಂದು ಸುಳ್ಳು ಇದೆ. ಅದನ್ನು ಹೇಳಿದವನು ಯಾರೆಂಬುದನ್ನು ಮುಚ್ಚಿಟ್ಟು ತಮ್ಮನ್ನು ಕಾಯಿಸುವ ಉದ್ದೇಶ ಎಳ್ಳಷ್ಟೂ ಇಲ್ಲವಾದ್ದರಿಂದ ಈಗಲೇ ಅವನ ಮನೆಗೆ ಹೋಗೋಣ.

ಅವನು ಅಡುಗೆಮನೆಗೆ ಬಂದಾಗ ಅತ್ತಿಗೆ ನಲ್ಲಿಯ ಕೆಳಗೆ ಲೋಟ ಹಿಡಿದು ನಿಂತಿದ್ದಳು. ತುಂಬಿದ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿ ಅವನ ಕೈಗೆ ಕೊಟ್ಟಳು. ಯಾವುದನ್ನಾದರೂ ಹಾಗೆ ಬೆಳಕಿಗೆ ಹಿಡಿದ ಮೇಲೆಯೇ ಅವಳು ಇನ್ನೊಬ್ಬರಿಗೆ ಕೊಡುವುದು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕಸುಬಿನವಳು, ಕೂದಲೆಳೆಯಷ್ಟು ಬಿರುಕಿದ್ದರೂ ಬೆಳಕಿನೆದುರು ಅದು ಬಾಯಿಬಿಡುತ್ತದೆ ಎನ್ನುತ್ತಾಳೆ. ನೀರಿನಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಅವನು ಲೋಟವನ್ನು ತುಟಿಯವರೆಗೆ ತಂದು ತಡೆದ. ಅದೇ ಕಿಟಕಿಯ ಚೌಕಟ್ಟಿನಲ್ಲಿ, ಎರಡು ಬೀದಿಯಾಚೆ, ಎಂಟು ಕಾಂಕ್ರೀಟು ಕಾಲುಗಳ ಮೇಲೆ ನೀರಿನ ಟ್ಯಾಂಕು ನಿಂತಿತ್ತು. ಬೆಳಗಿನ ಬಿಸಿಲು ಅದರ ಹೊಟ್ಟೆಗೆ ಬಿದ್ದಿತ್ತು. ನೆತ್ತಿ ಎಂದಿನಂತೆ ಕಾಣುತ್ತಿರಲಿಲ್ಲ. ನೆತ್ತಿ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ, ಹತ್ತಿದವನಿಗೆ ಮಾತ್ರ ಕಾಣುತ್ತದೆ.

"ಯಾಕೆ, ವಾಸ್ನೆ ಬರ್ತಿದ್ಯಾ?" ಎಂದಳು ಅತ್ತಿಗೆ.

"ಇಲ್ವಲ್ಲ. ಯಾರು ಹೇಳಿದ್ರು?"

"ಯಾರೂ ಹೇಳಿಲ್ಲಪ್ಪ. ನೀನೇ ಮೂಸಿ ನೋಡ್ತಿದ್ದೆ, ಅದಕ್ಕೆ ಕೇಳ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಅವನಿಗೆ ನೆನಪಾಗಿ, ನೀರನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟ. ತಿಂಗಳಿನಿಂದ ಅವನು ಹೀಗೆಯೇ ಕುಡಿಯುತ್ತಿದ್ದಾನೆ, ಔಷಧಿ ಕುಡಿದಂತೆ. ಊರಿನ ಏಳು ಟ್ಯಾಂಕುಗಳನ್ನು ವರ್ಷಕ್ಕೊಮ್ಮೆ ಹತ್ತಿ, ಮುಚ್ಚಳವನ್ನೂ ಗಾಳಿಕೊಳವೆಯ ಬಾಯಿಗೆ ಕಟ್ಟಿದ ಜಾಲರಿಯನ್ನೂ ನೆತ್ತಿಯ ಗಾರೆಯನ್ನೂ ಕಣ್ಣಾರೆ ಕಂಡು, ಇಳಿದು ಬಂದು ರುಜು ಹಾಕುವುದು ಅವನ ಉದ್ಯೋಗ. ಆರು ಟ್ಯಾಂಕುಗಳು ಐದು ವರ್ಷದಿಂದ ಅವನ ಪಾಲಿನವು. ಎಲ್ಲಕ್ಕಿಂತ ಎತ್ತರದ ಈ ಏಳನೆಯದನ್ನು, ಅವನಿಗೆ ಕಸುಬು ಕಲಿಸಿದ ಸೋದರಮಾವ ಹದಿನೆಂಟು ವರ್ಷ ಯಾರಿಗೂ ಬಿಟ್ಟುಕೊಡದೆ ತಾನೇ ಹತ್ತಿದ್ದ. ಊರಿನವರು ಮಾವನನ್ನು ಹದ್ದು ಎಂದೇ ಕರೆಯುತ್ತಾರೆ. ಈ ವರ್ಷ ಮೊಣಕಾಲು ಕೈಕೊಟ್ಟಿತೆಂದು ಮಾವ ಅದನ್ನು ಅವನಿಗೆ ಒಪ್ಪಿಸಿದ. ಅವನು ಹತ್ತಿದ. ನೆತ್ತಿಯವರೆಗೆ ಹತ್ತಲಿಲ್ಲ. ಇಳಿದು ಬಂದು, ಎಲ್ಲವೂ ಸರಿಯಾಗಿದೆ ಎಂದು ರುಜು ಹಾಕಿದ. ಸುಳ್ಳು ಇಷ್ಟೇ.

ಜಾರಿದ್ದರೆ ಹೇಳಿಕೊಳ್ಳಬಹುದಿತ್ತು. ಗಾಳಿ ಬೀಸಿದ್ದರೆ, ಜೇನು ಎದ್ದಿದ್ದರೆ, ಕಂಬಿಯೊಂದು ತುಕ್ಕು ಹಿಡಿದು ಕಳಚಿಕೊಂಡಿದ್ದರೆ ಅದನ್ನು ಊಟದ ಹೊತ್ತಿಗೆ ನಾಲ್ಕು ಜನರ ಮುಂದೆ ಬಣ್ಣಿಸಬಹುದಿತ್ತು. ಅಂಥದ್ದೇನೂ ನಡೆಯಲಿಲ್ಲ. ಹತ್ತುವವನ ಸೊಂಟಪಟ್ಟಿಯಲ್ಲಿ ಎರಡು ಕೊಕ್ಕೆಗಳಿರುತ್ತವೆ. ಒಂದು ಏಣಿಗೆ ತಗುಲಿಕೊಂಡಿರುವಾಗ ಇನ್ನೊಂದನ್ನು ಬಿಚ್ಚಿ ಮೇಲಿನ ಕಂಬಿಗೆ ಹಾಕಬೇಕು, ಆಮೇಲೆ ಕೆಳಗಿನದನ್ನು ಬಿಚ್ಚಬೇಕು, ಹೀಗೆ ಕೊನೆಯವರೆಗೆ. ಉಸಿರಾಡಿದಂತೆ ಯೋಚಿಸದೆ ಮಾಡುವ ಕೆಲಸ. ನಿಂತು ದಣಿವಾರಿಸಿಕೊಳ್ಳುವ ಮೂರನೆಯ ಹಲಗೆಯನ್ನು ದಾಟಿ ಆರು ಕಂಬಿ ಮೇಲೇರಿದ್ದ. ಎರಡೂ ಕೊಕ್ಕೆಗಳು ತಗುಲಿದ್ದವು. ಕೆಳಗಿನದನ್ನು ಬಿಚ್ಚಲು ಕೈಗೆ ಹೇಳಿದ, ಕೈ ಕೇಳಲಿಲ್ಲ. ಮೇಲಿನದನ್ನು ಬಿಚ್ಚು ಎಂದ, ಅದಕ್ಕೂ ಇಲ್ಲ. ಕಣ್ಣೆದುರಿನ ಕಂಬಿಯ ಮೇಲೆ ಬಣ್ಣದ ಗುಳ್ಳೆಯೊಂದು ಎದ್ದಿತ್ತು, ಒಡೆದ ಗುಳ್ಳೆಯ ಅಂಚು ನಾಯಿಯ ಕಿವಿಯ ಹಾಗೆ ಮಡಚಿಕೊಂಡಿತ್ತು. ಅವನು ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತನೋ. ಸಣ್ಣವನಿದ್ದಾಗ ಶಾಲೆಯಲ್ಲಿ ಮೇಷ್ಟರು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದಾಗ ಗೊತ್ತಿದ್ದ ಉತ್ತರ ನಾಲಗೆಗೆ ಬಾರದೆ ಮುಂದಿನ ಹುಡುಗನ ಕೊರಳಪಟ್ಟಿಯ ಕೊಳೆಯನ್ನೇ ನೋಡುತ್ತ ನಿಂತ ಹಾಗೆ. ಕೆಳಗೆ ಇಳಿಯಬೇಕೆಂದುಕೊಂಡ ಕೂಡಲೇ ಕೈ ಸಡಿಲವಾಯಿತು. ಅದೇ ಅವಮಾನ. ಇಳಿಯುವುದಕ್ಕಾದರೆ ಕೊಕ್ಕೆಗಳು ಬೆಣ್ಣೆಯಂತೆ ಬಿಚ್ಚಿಕೊಂಡವು. ಕೆಳಗೆ ಜೀಪಿನಲ್ಲಿ ನೀರಿನ ಇಲಾಖೆಯ ಇಂಜಿನಿಯರಮ್ಮ ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ತಲೆ ಎತ್ತದೆ "ಎಲ್ಲಾ ಸರಿ ಇದ್ಯಾ?" ಎಂದಳು. ತಲೆ ಎತ್ತಿ ಕೇಳಿದ್ದರೆ ಏನು ಹೇಳುತ್ತಿದ್ದನೋ.

ಹತ್ತುವವರಲ್ಲಿ ಒಂದು ವಾಡಿಕೆಯಿದೆ. ಇಲಾಖೆಯ ಯಾವ ಕಾಗದದಲ್ಲೂ ಅದರ ಸುದ್ದಿಯಿಲ್ಲ. ನೆತ್ತಿ ಮುಟ್ಟಿದವನು ಗಾಳಿಕೊಳವೆಯ ಬುಡದಲ್ಲಿ ಕೆಂಪು ಬಣ್ಣದಿಂದ ಒಂದು ಬೆರಳುದ್ದದ ಗೆರೆ ಎಳೆದು ಇಳಿಯಬೇಕು, ವರ್ಷಕ್ಕೊಂದು ಗೆರೆ. ನೋಡುವವರು ಯಾರೂ ಇಲ್ಲ, ಮುಂದಿನ ವರ್ಷ ಹತ್ತುವವನೊಬ್ಬನೇ. ಆ ದಿನ ತೆರೆಯದ ಬಣ್ಣದ ಡಬ್ಬಿ ಚೀಲದೊಳಗಿಂದ ಹೆಜ್ಜೆಹೆಜ್ಜೆಗೂ ಅವನ ತೊಡೆಗೆ ಗುದ್ದುತ್ತಿತ್ತು. ಸಂಜೆ ಮಾವ ಬಂದವನು ಕುರ್ಚಿಯಲ್ಲಿ ಕೂತು, ಕಾಲು ನೀವಿಕೊಳ್ಳುತ್ತ, "ನನ್ನ ಗೆರೆ ಎಲ್ಲಾ ಇದಾವೇನೋ?" ಎಂದು ಕೇಳಿದ. "ಹದಿನೆಂಟೂ ಇವೆ ಮಾವ," ಎಂದ ಅವನು. ಮಾವ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, "ಒಳ್ಳೇದಾಯ್ತು ಬಿಡು," ಎಂದು ಚಹಾ ಕೇಳಿದ. ಇಂಜಿನಿಯರಮ್ಮನಿಗೆ ಹೇಳಿದ ಸುಳ್ಳು ಕಾಗದದ ಮೇಲಿತ್ತು. ಮಾವನಿಗೆ ಹೇಳಿದ್ದು ಮಾತ್ರ ಅವನ ಮೈಯೊಳಗೆ ಉಳಿದುಕೊಂಡಿತು, ಅಂಗಾಲಿನಲ್ಲಿ ಮುರಿದ ಮುಳ್ಳಿನ ಹಾಗೆ; ನಡೆಯಬಹುದು, ಆದರೆ ಪ್ರತಿ ಹೆಜ್ಜೆಗೂ ಅದು ಇದೆಯೆಂದು ತಿಳಿಯುತ್ತಿರುತ್ತದೆ.

ಹಾರುವ ಯಂತ್ರವೊಂದನ್ನು ತಾನೇ ಕಟ್ಟಿ ಅದರ ಕಣ್ಣಿನಿಂದ ನೆತ್ತಿಯನ್ನು ನೋಡಿಬಿಟ್ಟರೆ, ಹಾಕಿದ ರುಜು ಹಿಂದಿನಿಂದಲಾದರೂ ನಿಜವಾಗುತ್ತದೆ ಎಂಬ ಯೋಚನೆ ಮೂರನೆಯ ದಿನ ಬಂತು. ಅಂಗಡಿಯಲ್ಲಿ ಕೊಂಡರೆ ಯಾತಕ್ಕೆಂದು ಹೇಳಬೇಕಾಗುತ್ತದೆ. ಕಟ್ಟಿದರೆ ಹುಚ್ಚು ಎಂದು ಜನ ಸುಮ್ಮನಾಗುತ್ತಾರೆ. ಅವನಿಗೆ ತನ್ನ ಕೈಗಳ ಮೇಲೆ ಯಾವಾಗಲೂ ಭರವಸೆಯಿತ್ತು. ಹತ್ತಾರು ಊರುಗಳಲ್ಲಿ ಅಲೆದು, ಗಡಿಯಾರ, ಪಂಪು, ಎತ್ತುಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಿ ಕಲಿತವನು. ಓದಿದ್ದೂ ಹಾಗೆಯೇ, ಬಸ್ಸು ನಿಲ್ದಾಣದಲ್ಲಿ ಅರ್ಧ ಬೆಲೆಗೆ ಸಿಗುವ, ಕೊನೆಯ ಪುಟ ಹರಿದುಹೋದ ಕಾದಂಬರಿಗಳನ್ನು. ಕೊನೆಯನ್ನು ತಾನೇ ಕಂಡುಕೊಳ್ಳುವ ಅಭ್ಯಾಸ ಅದರಿಂದ ಬಂದದ್ದು. ಗೂಡ್ಸು ರೈಲು ಓಡಿಸುವ ಅಣ್ಣ ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಅತ್ತಿಗೆಯ ಕೆಲಸದ ಕೋಣೆಯ ಮೂಲೆಯಲ್ಲಿ, ಹಲ್ಲಿನ ಅಚ್ಚುಗಳನ್ನು ಮಾಡುವ ಪ್ರಿಂಟರು ಒಂದಿತ್ತು. ಪ್ಲಾಸ್ಟಿಕ್ಕಿನ ದಾರವನ್ನು ಕಾಯಿಸಿ ಕರಗಿಸಿ, ಮೊನೆಯಿಂದ ಪದರದ ಮೇಲೆ ಪದರ ಎಳೆದು, ಬೇಕಾದ ಆಕಾರವನ್ನು ಕಟ್ಟುವ ಯಂತ್ರ. ಕೇಳಿದಾಗ ಅತ್ತಿಗೆ ಒಂದೇ ಷರತ್ತು ಹಾಕಿದಳು.

"ಬಿಳೀ ದಾರ ಮುಟ್ಟಬೇಡ, ಅದು ಹಲ್ಲಿಂದು. ವಸಡಿನ ಬಣ್ಣದ್ದು ಎರಡು ಸುರುಳಿ ಉಳಿದಿದೆ. ನಿನ್ನ ಡ್ರೋನು ನಗೋ ಹಾಗೆ ಕಂಡ್ರೆ ನನ್ನ ಕೇಳಬಾರದು."

ಹಾಗಾಗಿ ಅದರ ನಾಲ್ಕು ತೋಳುಗಳು, ನಡುವಿನ ಪೆಟ್ಟಿಗೆ, ಮೋಟಾರಿನ ಬಟ್ಟಲುಗಳು, ಕ್ಯಾಮೆರಾದ ತೊಟ್ಟಿಲು ಎಲ್ಲವೂ ಆರೋಗ್ಯವಂತನ ವಸಡಿನ ಹಾಗೆ ತಿಳಿಗುಲಾಬಿಯಾದವು. ಮೊದಲ ಸಲ ತೋಳುಗಳನ್ನು ಹಲ್ಲುಗಳ ಹಾಗೆ ಸಾಲಾಗಿ ನಿಲ್ಲಿಸಿ ಪ್ರಿಂಟು ಮಾಡಿದ್ದ, ಜಾಗ ಉಳಿಯಲೆಂದು. ಮೋಟಾರು ಕೂರಿಸಿ ತಿರುಪು ಬಿಗಿಯುವಾಗ ತೋಳು ಪಟಕ್ಕೆಂದಿತು. ಮುರಿದ ಮುಖ ಹಾಸುಗಲ್ಲಿನಷ್ಟು ನುಣುಪಾಗಿತ್ತು. ಪದರಗಳು ಒಂದರಿಂದೊಂದು ಜಗಳವಾಡದೆ ಬೇರೆಯಾಗಿದ್ದವು. ಅದನ್ನು ಬೆರಳಿನಿಂದ ಸವರುತ್ತ ಕೂತಾಗ ಮಾವನ ದನಿ ಕೇಳಿಸಿತು, ಇಪ್ಪತ್ತು ವರ್ಷದ ಹಿಂದಿನದು: ಮರದ ಏಣಿಯ ಅಡ್ಡಕೋಲಿಗೆ ನಾರು ಉದ್ದಕ್ಕೆ ಓಡಬೇಕು ಕಣೋ, ಅಡ್ಡನಾರಿನ ಮೇಲೆ ಕಾಲಿಟ್ಟವನು ನೆಲ ಕಾಣ್ತಾನೆ. ತೋಳುಗಳನ್ನು ಮಲಗಿಸಿ ಮತ್ತೆ ಮಾಡಿದ. ಈ ಸಲ ಮೊಣಕಾಲಿಗೆ ಒತ್ತಿ ಬಾಗಿಸಿದರೂ ಅವು ಬಾಗಿ ಹಿಂದಕ್ಕೆ ಬಂದವು. ಪ್ರಿಂಟರಿನ ಮೊನೆ ಹೋಗಿ ಬರುವ ಸಣ್ಣ ಗುಯ್ಯುಗುಟ್ಟುವಿಕೆಯನ್ನು ಕೇಳುತ್ತ, ಅತ್ತಿಗೆ ಒಂದು ಮೇಜಿನಲ್ಲಿ ಯಾರದೋ ದವಡೆಯನ್ನೂ ತಾನು ಇನ್ನೊಂದರಲ್ಲಿ ರೆಕ್ಕೆಯನ್ನೂ ಉಜ್ಜುತ್ತ ಕೂತ ಮಧ್ಯಾಹ್ನಗಳಲ್ಲಿ, ತಾನು ಯಾತಕ್ಕಾಗಿ ಇದನ್ನು ಕಟ್ಟುತ್ತಿದ್ದೇನೆಂಬುದನ್ನು ಅವನು ಗಂಟೆಗಟ್ಟಲೆ ಮರೆತಿರುತ್ತಿದ್ದ. ನಾಲ್ಕು ಮೋಟಾರುಗಳಲ್ಲಿ ಎರಡು ಬಲಕ್ಕೂ ಎರಡು ಎಡಕ್ಕೂ ತಿರುಗಬೇಕು. ಒಂದರ ತಂತಿ ಅದಲುಬದಲಾಗಿ ಯಂತ್ರ ಜೀರುಂಡೆಯ ಹಾಗೆ ಬೆನ್ನಿನ ಮೇಲೆ ಬಿದ್ದು ಬಡಬಡಿಸಿದಾಗಲೂ ಎದೆ ಕುಸಿಯಲಿಲ್ಲ. ತಪ್ಪು ಎಲ್ಲಿದೆಯೆಂದು ಕೈಗಳು ಕಂಡುಹಿಡಿದವು. ತಪ್ಪು ಕಂಡಲ್ಲಿ ತಿದ್ದಬಹುದಾದ ವಸ್ತುವೊಂದು ಲೋಕದಲ್ಲಿ ಇದೆ ಎಂಬುದೇ ಅವನನ್ನು ನೆಟ್ಟಗೆ ನಿಲ್ಲಿಸಿತ್ತು.

ಈ ದಿನ ರಜೆ. ಗಾಳಿಯಿರಲಿಲ್ಲ. ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ಅವನು ಯಂತ್ರವನ್ನು ತಾರಸಿಗೆ ಒಯ್ದ. ಅತ್ತಿಗೆ ಕೈಗೆ ಅಂಟಿದ ಮೇಣವನ್ನು ಉಜ್ಜಿಕೊಳ್ಳುತ್ತ ಹಿಂದೆಯೇ ಬಂದಳು. ಬ್ಯಾಟರಿ ಜೋಡಿಸುತ್ತಿರುವಾಗ ಮೆಟ್ಟಿಲಲ್ಲಿ ಮಾವನ ಹೆಜ್ಜೆ ಕೇಳಿತು; ಒಂದು ಕಾಲು ಹಗುರ, ಒಂದು ಭಾರ. ಮಾವನ ಹೆಗಲಿನಲ್ಲಿ ತೆಳುವಾದ ನೈಲಾನು ಹಗ್ಗದ ಸುತ್ತೊಂದಿತ್ತು. ಯಂತ್ರ ತಯಾರಾಗುತ್ತಿದ್ದ ಈ ಮೂರು ವಾರದಲ್ಲಿ ಮಾವ ದಿನಕ್ಕೊಮ್ಮೆ ಬಂದು ನೋಡಿ ಅಣಕಿಸಿ ಹೋಗುತ್ತಿದ್ದ.

"ಇದೇನೋ, ಹಲ್ಲುಸೆಟ್ಟಿಗೆ ರೆಕ್ಕೆ ಬಂದ ಹಾಗಿದೆ. ಕೆಮ್ಮಿದ್ರೆ ಉದುರಿಹೋಗಲ್ಲ ತಾನೆ?"

"ಕೆಮ್ಮಿ ನೋಡಿ ಮಾವ."

"ಹತ್ತಿದ ಏಣಿ ಒದ್ದೋರನ್ನ ಕಂಡಿದೀನಿ. ಹತ್ತದೇನೇ ಒದೆಯೋನನ್ನ ಈಗ ನೋಡ್ತಿರೋದು." ಹಾಗೆಂದು ಮಾವ ನಕ್ಕ. ಅಳಿಯನ ಬೆರಳುಗಳು ತಿರುಪುಳಿಯ ಮೇಲೆ ಒಂದು ಕ್ಷಣ ನಿಂತವು. ಹತ್ತದೇನೇ. ಬಾಯಿತಪ್ಪಿ ಬಂದ ಮಾತೋ, ತಿಳಿದು ಆಡಿದ್ದೋ? ಮಾವನ ಮುಖ ಬಿಸಿಲಿಗೆ ಸುಕ್ಕುಗಟ್ಟಿ ಏನನ್ನೂ ಬಿಟ್ಟುಕೊಡಲಿಲ್ಲ.

"ಹಗ್ಗ ಯಾಕೆ ತಂದಿದೀರಿ?" ಎಂದಳು ಅತ್ತಿಗೆ.

"ಕಟ್ಟೋಕೆ. ನಮ್ಮ ಕಸುಬಲ್ಲಿ ಹಗ್ಗ ಇಲ್ಲದೆ ಯಾರಾದ್ರೂ ಮೇಲೆ ಹೋಗ್ತಾರೇನಮ್ಮ? ಅದು ಯಂತ್ರ ಆದ್ರೇನು, ಇವನ ಕೈಯಿಂದ ಹೋಗ್ತಿರೋದು ತಾನೆ?"

ಅವನಿಗೂ ಅದು ಸರಿಯೆಂದೇ ತೋರಿತು. ಯಂತ್ರ ಕಟ್ಟುವುದನ್ನು ಕಲಿಸಿದ ಯಾವ ಚಿತ್ರದಲ್ಲಿಯೂ, ಯಾವ ಪುಸ್ತಕದಲ್ಲಿಯೂ ಹಗ್ಗದ ಮಾತಿರಲಿಲ್ಲ. ಆದರೂ ಇಪ್ಪತ್ತು ವರ್ಷದ ರೂಢಿ ಅವನ ಕೈಗಳನ್ನು ಮುಂದೆ ಮಾಡಿ, ಯಂತ್ರದ ಹೊಟ್ಟೆಯ ಕೆಳಗೆ ಎರಡು ಸುತ್ತಿನ ಗಂಟು ಹಾಕಿಸಿತು. ಲೋಕದಲ್ಲಿ ಬೇರೆ ಯಾರೂ ಮಾಡಲಾರದ ತಪ್ಪನ್ನು ಇಬ್ಬರು ಅನುಭವಸ್ಥರು ಸೇರಿ ಬಹಳ ಎಚ್ಚರಿಕೆಯಿಂದ ಮಾಡಿದರು. ಯಂತ್ರ ಗುಂಯ್ಯೆಂದು ಎದ್ದಿತು. ತಲೆಯ ಮಟ್ಟ ದಾಟಿತು, ನೀರಿನ ಕೊಳವೆ ದಾಟಿತು, ತಾರಸಿಯ ಅಂಚನ್ನು ದಾಟಿ ಬೀದಿಯ ಮೇಲೆ ಹೋಯಿತು. ಮೇಲೇರಿದಷ್ಟೂ ಹಗ್ಗದ ಭಾರ ಹೆಚ್ಚುತ್ತ ಹೋಗುತ್ತದೆ ಎಂಬುದನ್ನು ಇಬ್ಬರೂ ಯೋಚಿಸಿರಲಿಲ್ಲ. ಮನುಷ್ಯನಿಗೆ ಹಗ್ಗ ಮೇಲಿನಿಂದ ಬರುತ್ತದೆ, ಕೆಳಗಿನಿಂದಲ್ಲ. ಯಂತ್ರ ಒಂದು ಪಕ್ಕಕ್ಕೆ ವಾಲಿತು, ಎಳೆಯಿತು, ನಿಂತಲ್ಲೇ ಕಂಪಿಸಿತು. ಅವನು ಕೈಯಲ್ಲಿದ್ದ ರಿಮೋಟಿನ ಕಡ್ಡಿಗಳನ್ನು ತುದಿಮುಟ್ಟ ತಳ್ಳಿದ್ದರೂ ಅದು ಮೇಲೆ ಹೋಗಲೊಲ್ಲದು. ಅಲ್ಲಿ ಆಕಾಶದಲ್ಲಿ, ಎರಡೂ ಕೊಕ್ಕೆ ತಗುಲಿಸಿಕೊಂಡು, ಬಣ್ಣದ ಗುಳ್ಳೆಯನ್ನು ನೋಡುತ್ತ ನಿಂತವನು ಯಾರೆಂದು ಅವನಿಗೆ ಗೊತ್ತಿತ್ತು. ಮರುಕ್ಷಣ ಹಗ್ಗ ತೂಗಿ ರೆಕ್ಕೆಗೆ ಸುತ್ತಿಕೊಂಡಿತು. ಅವನು ಹಗ್ಗವನ್ನು ಸರಸರನೆ ಎಳೆದುಕೊಂಡ. ಯಂತ್ರ ತಾರಸಿಯ ಅಂಚಿಗೆ ಬಡಿದು ಒಳಗೆ ಬಿತ್ತು.

"ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯ್ತು," ಎಂದ ಮಾವ. ದನಿಯಲ್ಲಿ ನಿರಾಳ ಇದ್ದಂತಿತ್ತು. "ಸಾಕು ಬಿಡೋ. ಇವತ್ತಿಗೆ ಮುಗೀತು."

"ಒಂದು ತೋಳು ಹೋಗಿದೆ ಅಷ್ಟೇ," ಎಂದಳು ಅತ್ತಿಗೆ. ಏಪ್ರನ್ನಿನ ಜೇಬಿನಿಂದ ಗುಲಾಬಿ ತೋಳೊಂದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ ಅವನಿಗೆ ಕೊಟ್ಟಳು. "ಹಲ್ಲು ಕಟ್ಟೋರು ಯಾವತ್ತೂ ಒಂದು ಜಾಸ್ತಿ ಮಾಡಿಟ್ಟಿರ್ತೀವಿ. ನಮ್ಮ ಗಿರಾಕಿಗಳು ನಿನ್ನ ಹಾಗೇನೇ, ಬೀಳಿಸ್ಕೊಂಡು ಬರೋರು."

ತೋಳು ಬದಲಾಯಿಸಲು ಕಾಲು ಗಂಟೆ ಹಿಡಿಯಿತು. ಆಮೇಲೆ ಹಗ್ಗವನ್ನು ಬಿಚ್ಚಿ, ಕಸುಬಿನವರು ಸುತ್ತುವಂತೆ ಎರಡೂ ಕೈ ಚಾಚಿ ಮಾರು ಲೆಕ್ಕದಲ್ಲಿ ಸುತ್ತತೊಡಗಿದ. ಹನ್ನೊಂದು ಮಾರಿಗೆ ಮುಗಿದುಹೋಯಿತು. ಮತ್ತೊಮ್ಮೆ ಸುತ್ತಿದ, ಹನ್ನೊಂದೇ. ಟ್ಯಾಂಕಿನ ಎತ್ತರವೇ ಹದಿನೇಳು ಮಾರು. ಅದರ ಜೊತೆಗೆ ಎರಡು ಬೀದಿಯ ದೂರ. ಇದರ ನಾಲ್ಕರಷ್ಟಿದ್ದರೂ ಸಾಲುತ್ತಿರಲಿಲ್ಲ. ಮೂವತ್ತು ವರ್ಷ ಕಣ್ಣಳತೆಯಲ್ಲಿಯೇ ಹಗ್ಗ ಕತ್ತರಿಸಿ ಒಮ್ಮೆಯೂ ಗೇಣು ತಪ್ಪದ ಮಾವ ಹನ್ನೊಂದು ಮಾರು ತಂದಿದ್ದ. ಮೊಣಕಾಲು ಹೋದ ಹಿಂದೆಯೇ ಕಣ್ಣಳತೆಯೂ ಹೋಯಿತೆಂದು ಅವನು ಅಂದುಕೊಂಡ. ಹಗ್ಗದ ಸುತ್ತನ್ನು ಗೋಡೆಯ ಮೊಳೆಗೆ ತೂಗುಹಾಕಿದ.

"ಕಟ್ಟಲ್ವಾ?" ಎಂದ ಮಾವ.

"ಇಲ್ಲ ಮಾವ."

"ಹಗ್ಗ ಇಲ್ದೇನಾ?"

"ಇಲ್ದೇನೇ."

ಯಂತ್ರ ಎದ್ದಿತು. ಈ ಸಲ ಅದು ಎದ್ದ ರೀತಿಯೇ ಬೇರೆ. ಕೈಯಿಂದ ಬಿಟ್ಟದ್ದಲ್ಲ, ಕೈ ತಾನೇ ಹೋದಂತೆ. ಅವನು ತಲೆ ಎತ್ತಿ ಆಕಾಶವನ್ನು ನೋಡಲಿಲ್ಲ, ಅಂಗೈಯಗಲದ ಪರದೆಯನ್ನು ನೋಡಿದ. ಪರದೆಯಲ್ಲಿ ಬೀದಿಗಳು ಜಾರಿದವು, ಒಣಹಾಕಿದ ಬಟ್ಟೆಗಳು, ಯಾರದೋ ತಾರಸಿಯಲ್ಲಿ ಮೂರು ಕಾಲಿನ ಕುರ್ಚಿ. ಟ್ಯಾಂಕಿನ ಕಾಲುಗಳು ಬಂದವು. ಏಣಿ ಬಂತು. ಮೊದಲ ಹಲಗೆ, ಎರಡನೆಯದು, ಮೂರನೆಯದು. ಅಲ್ಲಿಂದ ಆರು ಕಂಬಿ ಮೇಲೆ ಯಂತ್ರವನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿದ. ಬಣ್ಣದ ಗುಳ್ಳೆ ಅಲ್ಲಿಯೇ ಇತ್ತು, ನಾಯಿಕಿವಿಯ ಅಂಚಿನೊಂದಿಗೆ. ಪರದೆಯಲ್ಲಿ ಅದು ಬರೀ ಬಣ್ಣದ ಗುಳ್ಳೆ. ಅವನು ಹೆಬ್ಬೆರಳನ್ನು ಮುಂದಕ್ಕೆ ಒತ್ತಿದ; ಏಣಿ ಕೆಳಗೆ ಸರಿಯಿತು, ಟ್ಯಾಂಕಿನ ಹೊಟ್ಟೆ ಸರಿಯಿತು, ಅಂಚು ಬಂತು, ಅಂಚಿನಾಚೆ ಇದ್ದಕ್ಕಿದ್ದಂತೆ ನೆತ್ತಿ.

ಅದು ಸಣ್ಣದಾಗಿತ್ತು. ತಿಂಗಳಿನಿಂದ ಅವನ ತಲೆಯೊಳಗೆ ಮೈದಾನದಷ್ಟು ಬೆಳೆದಿದ್ದ ನೆತ್ತಿ, ಎರಡು ಕೋಣೆಯಷ್ಟಗಲದ ಬೂದು ಗಾರೆ. ಮುಚ್ಚಳ ಭದ್ರವಾಗಿತ್ತು. ನಡುವೆ ಗಾಳಿಕೊಳವೆ, ಅದರ ಬಾಯಿಗೆ ಕಟ್ಟಿದ ಜಾಲರಿ ಒಂದು ಕಡೆ ಕಳಚಿ ಎದ್ದಿತ್ತು. ಆ ಸಂದಿಯಲ್ಲಿ ಹುಲ್ಲುಕಡ್ಡಿ, ಪುಕ್ಕ, ಒಂದು ತುಂಡು ದಾರ. ಗೂಡು. ಗೂಡಿನ ಕೆಳಗೆ ಕತ್ತಲೆ, ಕತ್ತಲೆಯಲ್ಲಿ ಊರಿನ ನೀರು. ಯಂತ್ರವನ್ನು ಇನ್ನಷ್ಟು ಇಳಿಸಿದ. ಕೊಳವೆಯ ಬುಡದಲ್ಲಿ ಗೆರೆಗಳಿದ್ದವು, ಮೊದಲಿನವು ಇಟ್ಟಿಗೆಯ ಬಣ್ಣಕ್ಕೆ ಮಾಸಿದ್ದವು, ಕೊನೆಯವಕ್ಕೆ ಇನ್ನೂ ಕೆಂಪಿನ ನೆನಪಿತ್ತು. ಎಲ್ಲವೂ ಒಂದೇ ಕೈಯವು, ಒಂದೇ ಅಳತೆಯವು, ಮಾವನ ಅಕ್ಷರದ ಹಾಗೆ ಸ್ವಲ್ಪ ಬಲಕ್ಕೆ ಬಾಗಿದವು. ಅಭ್ಯಾಸಬಲದಿಂದ ಎಣಿಸಿದ. ಹನ್ನೆರಡು. ಕೊಳವೆಯ ಇನ್ನೊಂದು ಮಗ್ಗುಲಿಗೆ ಹೋಗಿ ನೋಡಿದ. ಖಾಲಿ ಗಾರೆ. ತಿರುಗಿ ಬಂದು ಎಣಿಸಿದ. ಹನ್ನೆರಡು. ಕಿವಿಯ ಹಿಂದೆ ಮಾವನ ಉಸಿರು ಕೇಳುತ್ತಿತ್ತು. ಮಾವ ಕನ್ನಡಕ ತೆಗೆದು ಪರದೆಗೆ ಬಾಗಿದ್ದ, ತುಟಿಗಳು ಅಲುಗುತ್ತಿದ್ದವು, ಹನ್ನೆರಡಕ್ಕೆ ನಿಂತವು. ಆಗ ಮಾತ್ರ ಅವನಿಗೆ ಹನ್ನೊಂದು ಮಾರಿನ ಹಗ್ಗ ಅರ್ಥವಾಯಿತು. ಮಾವನ ಕಣ್ಣಳತೆ ಎಲ್ಲಿಗೂ ಹೋಗಿರಲಿಲ್ಲ. ಯಂತ್ರ ಎಲ್ಲಿಗೆ ತಲುಪಬಾರದೋ ಅಲ್ಲಿಗೆ ತಲುಪದಷ್ಟು ಹಗ್ಗವನ್ನು ಮಾವ ಸರಿಯಾಗಿಯೇ ಅಳೆದು ತಂದಿದ್ದ.

ಬ್ಯಾಟರಿ ಕೂಗಿತು. ಅವನು ಯಂತ್ರವನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ತಂದು, ತಾರಸಿಯ ನಡುವೆ ಅಳುಕದೆ ಇಳಿಸಿದ. ರೆಕ್ಕೆಗಳು ನಿಂತ ಮೇಲೆ ಎಲ್ಲೋ ದೂರದಲ್ಲಿ ಬಕೀಟು ತುಂಬುವ ಸದ್ದು ಕೇಳಿಸಿತು.

"ಹನ್ನೆರಡು," ಎಂದ ಮಾವ.

"ಹೌದು ಮಾವ."

"ಅವತ್ತು ಹದಿನೆಂಟೂ ಇವೆ ಅಂದ್ಯಲ್ಲ, ಅಂದ ತಕ್ಷಣ ಗೊತ್ತಾಯ್ತು ನಂಗೆ, ನೀನು ಹತ್ತಿಲ್ಲ ಅಂತ."

"ಮತ್ತೆ ಯಾಕೆ ಸುಮ್ನಿದ್ರಿ?"

"ಹೆಂಗೆ ಹೇಳ್ಲಿ? ಹತ್ತಿಲ್ಲ ಅನ್ನಬೇಕಾದ್ರೆ, ಅಲ್ಲಿರೋದು ಹನ್ನೆರಡೇ ಅನ್ನಬೇಕಾಗಿತ್ತು." ಮಾವ ಗೋಡೆಗೆ ಒರಗಿ ನಿಧಾನವಾಗಿ ಕೂತ. "ನನ್ನ ಸುಳ್ಳನ್ನ ಮುಚ್ಚೋಕೆ ನಿನ್ನ ಸುಳ್ಳನ್ನ ಕಾವಲಿಗಿಟ್ಟುಕೊಂಡೆ. ಒಂದು ತಿಂಗಳಿಂದ ನಿನ್ನ ಮುಖ ನೋಡೋಕೆ ದಿನಾ ಬರ್ತಿದ್ದೆ, ಹೇಳ್ತೀಯೇನೋ ಅಂತ."

"ಎಲ್ಲಿ ನಿಲ್ತಿದ್ರಿ?"

"ಎರಡನೇ ಹಲಗೆ. ಏನೂ ಆಗಿರ್ಲಿಲ್ಲ ಕಣೋ. ಜಾರಿರ್ಲಿಲ್ಲ. ಕೊಕ್ಕೆ ಬಿಚ್ಚೋಕೆ ಹೋದೆ, ಕೈ..." ಮಾವ ತನ್ನ ಬಲಗೈಯನ್ನು ಎತ್ತಿ ಪರರ ವಸ್ತುವಿನಂತೆ ನೋಡಿದ. "ನೀನು?"

"ಮೂರನೇದು ದಾಟಿ ಆರು ಕಂಬಿ."

"ನೋಡು ಮತ್ತೆ, ನನಗಿಂತ ಮೇಲಕ್ಕೆ ಹೋಗಿದೀಯ," ಎಂದ ಮಾವ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಗುರು ಶಿಷ್ಯನ ಕೆಲಸ ನೋಡಿ ಆಡುವ ಮಾತಿನಷ್ಟೇ ನೇರವಾಗಿತ್ತು. ಅದಕ್ಕೇ ಅವನು ತಲೆ ತಗ್ಗಿಸಿದ.

ಅತ್ತಿಗೆ ಇಷ್ಟು ಹೊತ್ತೂ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. "ಅಂದ್ರೆ ಇವರ ಆರು, ನಿಂದು ಒಂದು, ಏಳು ವರ್ಷದಿಂದ ಆ ಗೂಡನ್ನ ಯಾರೂ ನೋಡಿಲ್ಲ. ನಾನು ಬೆಳಕಿಗೆ ಹಿಡಿದು ಹಿಡಿದು ಕೊಟ್ಟಿದ್ದು ಹಕ್ಕಿ ಪುಕ್ಕದ ಕಷಾಯ," ಎಂದಳು. "ನಿಮ್ಮಿಬ್ಬರಲ್ಲಿ ಯಾರ ಹಲ್ಲು ಮೊದಲು ಉದುರಿಸಲಿ ಹೇಳಿ. ಚಿಂತೆ ಬೇಡ, ಆಮೇಲೆ ಕಟ್ಟಿಕೊಡೋಳೂ ನಾನೇ." ಯಾರೂ ನಗದಿದ್ದಾಗ ಅವಳೇ ಸ್ವಲ್ಪ ನಕ್ಕು, ಕೂಡಲೇ ಗಂಭೀರಳಾಗಿ, ಅವನ ಫೋನನ್ನು ಎತ್ತಿ ಅವನ ಕೈಗೆ ಹಾಕಿದಳು. ಈ ಸಲ ಬೆಳಕಿಗೆ ಹಿಡಿಯಲಿಲ್ಲ.

ಇಂಜಿನಿಯರಮ್ಮ ಐದನೆಯ ಕರೆಗಂಟೆಗೆ ಎತ್ತಿದಳು. ಹಿಂದೆ ಪಾತ್ರೆ ತೊಳೆಯುವ ಸದ್ದಿತ್ತು.

"ಮೇಡಂ, ದೊಡ್ಡ ಟ್ಯಾಂಕಿನ ವಿಷ್ಯ. ಹೋದ ತಿಂಗಳು ನಾನು ಮೇಲಕ್ಕೆ ಹೋಗಿರಲಿಲ್ಲ. ಹೋಗದೇ ರುಜು ಹಾಕಿದೆ. ಇವತ್ತು ಕ್ಯಾಮೆರಾ ಕಳಿಸಿ ನೋಡ್ದೆ. ಜಾಲರಿ ಕಿತ್ತಿದೆ, ಒಳಗೆ ಗೂಡಿದೆ."

ಪಾತ್ರೆಯ ಸದ್ದು ನಿಂತಿತು. "ರಜಾ ದಿನ ಹೇಳ್ತಿದೀರಲ್ಲ ಇದನ್ನ," ಎಂದಳು ಆಕೆ. ಒಂದು ಕ್ಷಣ ಬಿಟ್ಟು, "ಹೇಳಿದ್ರಲ್ಲ, ಅದೇ ಆಯ್ತು. ಈಗಲೇ ಸರಬರಾಜು ನಿಲ್ಲಿಸ್ತೀನಿ. ಟ್ಯಾಂಕು ಖಾಲಿ ಮಾಡಿ ತೊಳೀಬೇಕು. ನಾಳೆ ಆಫೀಸಿಗೆ ಬಂದು ಬರೆದುಕೊಡಿ. ಮುಂದೆ ಈ ಕೆಲಸ ನಿಮಗಿರುತ್ತೋ ಇಲ್ವೋ, ನಾನು ಹೇಳೋಕಾಗಲ್ಲ."

"ಗೊತ್ತು ಮೇಡಂ. ಜಾಲರಿ ಇವತ್ತೇ ಹಾಕ್ತೀನಿ."

"ಹತ್ತೋಕಾಗುತ್ತಾ?"

ಅವನು ಬಲಗೈಯನ್ನು ಬಿಚ್ಚಿ ಮುಚ್ಚಿದ. ಮೇಲೆ ಏನಿದೆಯೆಂದು ಈಗ ಅದಕ್ಕೆ ಗೊತ್ತಿತ್ತು. ಹದಿನೆಂಟು ಕೊರತೆಯಿಲ್ಲದ ಗೆರೆಗಳಲ್ಲ, ಹನ್ನೆರಡು ಗೆರೆ, ಒಂದಷ್ಟು ಖಾಲಿ ಜಾಗ, ಮಾಡಬೇಕಾದ ಒಂದು ಕೆಲಸ. "ಆಗುತ್ತೆ," ಎಂದ. ಫೋನು ಇಡುವಷ್ಟರಲ್ಲಿ ಮಾವ ಕೈಚಾಚಿ ಅದನ್ನು ತೆಗೆದುಕೊಂಡ.

"ಮೇಡಂ, ಹದ್ದು ಮಾತಾಡ್ತಿರೋದು. ಇವನದು ಒಂದು ತಿಂಗಳು. ನಂದು ಆರು ವರ್ಷ. ನಾಳೆ ಇಬ್ಬರೂ ಬರ್ತೀವಿ, ಎರಡು ಕಾಗದ ಇಟ್ಟಿರಿ." ಆ ಕಡೆಯಿಂದ ಬಂದ ಉತ್ತರವನ್ನು ಮಾವ ಕಣ್ಣು ಮುಚ್ಚಿಕೊಂಡು ಕೇಳಿದ. ಅದು ದೀರ್ಘವಾಗಿತ್ತು. ನಡುವೆ ಮೂರು ಸಲ "ನಿಜ" ಎಂದ.

ಅವನು ಸಾಮಾನು ಕಟ್ಟಿಕೊಳ್ಳತೊಡಗಿದ. ಯಂತ್ರದ ತೋಳುಗಳನ್ನು ಮಡಚಿ, ಕಟ್ಟುಹಲ್ಲುಗಳನ್ನು ಕಳಿಸುವ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿದ. ಚೀಲಕ್ಕೆ ಹೊಸ ಜಾಲರಿಯ ಸುರುಳಿ ಹಾಕಿದ, ಇಕ್ಕಳ, ತಂತಿ, ಗೂಡನ್ನು ಹಾಳಾಗದಂತೆ ಇಳಿಸಲು ಅತ್ತಿಗೆ ಕೊಟ್ಟ ಖಾಲಿ ಡಬ್ಬ. ಸೊಂಟಪಟ್ಟಿ ಬಿಗಿದು ಎರಡೂ ಕೊಕ್ಕೆಗಳ ಬಾಯಿಯನ್ನು ಒತ್ತಿ ಒತ್ತಿ ನೋಡಿದ. ಕೊನೆಯಲ್ಲಿ ಬಣ್ಣದ ಡಬ್ಬಿಯನ್ನು ತೆಗೆದು ತಿರುಪುಳಿಯಿಂದ ಮುಚ್ಚಳ ಮೀಟಿದ. ಮೇಲೆ ಕೆನೆಯಂತೆ ಒಣಪದರ ಕಟ್ಟಿತ್ತು. ಕುಂಚದ ಹಿಡಿಯಿಂದ ಒತ್ತಿದಾಗ ಹರಿಯಿತು, ಕೆಳಗೆ ಹಸಿ ಕೆಂಪು ಹಾಗೆಯೇ ಇತ್ತು. ಮುಚ್ಚಳವನ್ನು ಮತ್ತೆ ಅದುಮುತ್ತ ಅವನು ಕೇಳಿದ:

"ನಿಮ್ಮ ಆರು ಗೆರೆ ಏನು ಮಾಡ್ಲಿ ಮಾವ?"

"ಎಳೀಬೇಡ." ಮಾವ ಕನ್ನಡಕವನ್ನು ಅಂಗಿಯ ತುದಿಗೆ ಒರೆಸಿ ಹಾಕಿಕೊಂಡ. "ಆರು ಗೆರೆಯಷ್ಟು ಜಾಗ ಬಿಟ್ಟು ನಿಂದು ಎಳಿ. ಮುಂದೆ ಹತ್ತೋನು ಯಾಕೆ ಅಂತ ಕೇಳ್ತಾನೆ. ಕೇಳ್ಲಿ."

ಅವನು ಚೀಲವನ್ನು ಹೆಗಲಿಗೆ ಏರಿಸಿದ. ಮಾವ ಎದ್ದು ನಿಂತು, ಗೋಡೆಯ ಮೊಳೆಯಿಂದ ಹಗ್ಗದ ಸುತ್ತನ್ನು ತೆಗೆದು, ಕೊಡಲೋ ಬೇಡವೋ ಎಂಬಂತೆ ಹಿಡಿದ.

"ಅದು ಸಾಲಲ್ಲ ಮಾವ."

"ಗೊತ್ತು," ಎಂದ ಮಾವ.

ಮನೆಯೊಳಗೆ ನಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು. ಅವನು ಮೆಟ್ಟಿಲು ಇಳಿದು ಬೀದಿಗೆ ಬಂದು, ಟ್ಯಾಂಕಿನ ಕಡೆಗೆ ತಿರುಗಿ ನಡೆಯತೊಡಗಿದ. ಸೊಂಟದಲ್ಲಿ ಎರಡು ಕೊಕ್ಕೆಗಳು ಹೆಜ್ಜೆಗೊಮ್ಮೆ ಒಂದಕ್ಕೊಂದು ತಾಗಿ, ಬಿಟ್ಟು, ಮತ್ತೆ ತಾಗುತ್ತಿದ್ದವು.